ಹೂವಿಗೆ ಅಂಗೈಯಷ್ಟು ನೆರಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೂವಿನ ಚಿತ್ರ ತೆಗೆಯಲು ದುಬಾರಿ ಸಲಕರಣೆ ಬೇಕಿಲ್ಲ, ಸೂರ್ಯೋದಯದ ನಂತರದ ಒಂದು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮೊದಲಿನ ಒಂದು ಗಂಟೆ ಸಿಕ್ಕರೆ ಸಾಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಕೇಳಿವೆ: ಆ ಎರಡು ಗಂಟೆ ನಮ್ಮ ಪಾಲಿಗೆ ಇಲ್ಲದಿದ್ದರೆ ಏನು ಮಾಡಬೇಕು? ಅಲ್ಲಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ಬೆಳಗ್ಗೆ ಕತ್ತಲಿರುವಾಗಲೇ ಕೆಲಸಕ್ಕೆ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಸಿಗುವುದು ಮಧ್ಯಾಹ್ನದ ಅರ್ಧ ಗಂಟೆಯ ಬಿಡುವು ಮಾತ್ರ. ಕಚೇರಿಯ ಅಂಗಳದಲ್ಲಿ ಗುಲಾಬಿ, ಚೆಂಡುಹೂ ಇವೆ. ಆದರೆ ಚಿತ್ರದಲ್ಲಿ ಅರ್ಧ ಹೂವು ಬಿಳಿಚಿಕೊಂಡು, ಇನ್ನರ್ಧ ಕಪ್ಪಿಟ್ಟು ಬರುತ್ತದೆ. ನಿಮ್ಮ ಮಾತಿನಂತೆ ನಾನು ಈ ಹವ್ಯಾಸವನ್ನೇ ಬಿಡಬೇಕೇ?

ಉತ್ತರ: ಖಂಡಿತ ಬಿಡಬೇಡಿ. ನಿಮ್ಮ ಪತ್ರ ಓದಿದ ಮೇಲೆ ನನ್ನ ಮಾತನ್ನೇ ತಿದ್ದಿಕೊಳ್ಳುತ್ತಿದ್ದೇನೆ. ಮುಂಜಾನೆಯ ಬೆಳಕು ಒಳ್ಳೆಯದು ಎನ್ನುವುದು ನಿಜ. ಅದೊಂದೇ ಒಳ್ಳೆಯದು ಎನ್ನುವಂತೆ ಬರೆದದ್ದು ತಪ್ಪು.

ಮಧ್ಯಾಹ್ನದ ಬಿಸಿಲು ಹೂವನ್ನು ಕೆಡಿಸುವುದು ಪ್ರಖರವಾಗಿರುವುದರಿಂದ ಎಂದು ನಾವು ತಿಳಿದಿರುತ್ತೇವೆ. ಪ್ರಖರತೆಯನ್ನು ಕ್ಯಾಮೆರಾ ಸುಲಭವಾಗಿ ನಿಭಾಯಿಸುತ್ತದೆ. ತೊಂದರೆ ಇರುವುದು ಬೆಳಕಿನ ಮೂಲದ ಗಾತ್ರದಲ್ಲಿ. ಸುಮಾರು 15 ಕೋಟಿ ಕಿಲೋಮೀಟರ್ ಆಚೆಗಿರುವ ಸೂರ್ಯ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಒಂದು ಬಿಲ್ಲೆ. ಅಷ್ಟು ಸಣ್ಣ ಮೂಲದಿಂದ ಬರುವ ಬೆಳಕು ಎಸಳಿನ ಅಂಚಿನಲ್ಲಿ ಕೊಯ್ದಿಟ್ಟಂತೆ ನೆರಳು ಬೀಳಿಸುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ, ನೆರಳಿನ ಅಂಚು ಕರಗುತ್ತದೆ. ಮೋಡವನ್ನು ಬೇಕೆಂದಾಗ ಕರೆತರಲಾಗದು. ಆದರೆ ಒಂದು ಹೂವಿಗೆ ಸಾಕಾಗುವಷ್ಟು ಮೋಡವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬಹುದು.

ನನ್ನ ಚೀಲದಲ್ಲಿ ಹನ್ನೆರಡು ವರ್ಷಗಳಿಂದ ಕಸೂತಿ ಹಾಕುವವರು ಬಳಸುವ ಮರದ ಬಳೆಯೊಂದಿದೆ. ಮೂವತ್ತು ಸೆಂಟಿಮೀಟರ್ ಅಗಲ. ಅದಕ್ಕೆ ತೆಳುವಾದ ಬಿಳಿ ಹತ್ತಿಬಟ್ಟೆಯನ್ನು ಬಿಗಿದಿದ್ದೇನೆ. ಅದನ್ನು ಹೂವಿಗೂ ಸೂರ್ಯನಿಗೂ ನಡುವೆ, ಚೌಕಟ್ಟಿನೊಳಗೆ ಕಾಣಿಸದಂತೆ, ಆದರೆ ಸಾಧ್ಯವಾದಷ್ಟು ಹೂವಿನ ಹತ್ತಿರ ಹಿಡಿಯುತ್ತೇನೆ. ಹತ್ತಿರ ಬಂದಷ್ಟೂ ಆ ಬಟ್ಟೆ ಹೂವಿನ ಪಾಲಿಗೆ ದೊಡ್ಡ ಆಕಾಶವಾಗುತ್ತದೆ. ಬಟ್ಟೆ ಅಪ್ಪಟ ಬಿಳಿಯದೇ ಆಗಿರಲಿ. ಸ್ವಲ್ಪ ಹಳದಿ ತಿರುಗಿದ್ದರೂ ಆ ಹಳದಿ ಎಸಳಿಗೆ ಅಂಟುತ್ತದೆ. ಬಟ್ಟೆ ಇಲ್ಲದ ದಿನ ಟ್ರೇಸಿಂಗ್ ಕಾಗದದ ಹಾಳೆಯೂ ಇದೇ ಕೆಲಸ ಮಾಡಿಕೊಟ್ಟಿದೆ.

ಇದರಲ್ಲಿ ಒಂದು ತೊಡಕಿದೆ. ಅದನ್ನು ಅರಿಯಲು ನನಗೆ ಇಡೀ ಒಂದು ಬೇಸಿಗೆ ಬೇಕಾಯಿತು. ಹೂವಿಗಷ್ಟೇ ನೆರಳು ಕೊಟ್ಟರೆ ಹಿಂದಿನ ಹುಲ್ಲು, ಗೋಡೆ ಬಿಸಿಲಿನಲ್ಲಿಯೇ ಉಳಿಯುತ್ತವೆ. ಹೂವಿಗೆ ಸರಿಹೊಂದುವ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಕೊಟ್ಟೊಡನೆ ಹಿನ್ನೆಲೆ ಬಿಳಿಯ ಮುದ್ದೆಯಾಗುತ್ತದೆ. ಆ ಬೇಸಿಗೆಯ ನನ್ನ ಚಿತ್ರಗಳಲ್ಲೆಲ್ಲ ಒಳ್ಳೆಯ ಹೂವಿನ ಹಿಂದೆ ಸುಣ್ಣ ಚೆಲ್ಲಿದಂತಿದೆ. ಆದ್ದರಿಂದ ಮೊದಲು ಹಿನ್ನೆಲೆಯನ್ನು ಆರಿಸಿ, ಆಮೇಲೆ ಹೂವನ್ನು. ಮರದ ಅಥವಾ ಕಟ್ಟಡದ ನೆರಳಿನ ಪಟ್ಟಿ ಎಲ್ಲಿದೆ ನೋಡಿ. ಅದು ನಿಮ್ಮ ಹೂವಿನ ಹಿಂದಕ್ಕೆ ಬರುವಂತೆ ಗಿಡದ ಸುತ್ತ ಒಂದೊಂದೇ ಹೆಜ್ಜೆ ಸರಿಯಿರಿ. ಅರ್ಧ ಹೆಜ್ಜೆಯಲ್ಲಿ ಹಿನ್ನೆಲೆ ಪೂರ್ತಿ ಬದಲಾಗುವುದನ್ನು ಕಂಡು ನನಗೆ ಇಂದಿಗೂ ಸಂತೋಷವಾಗುತ್ತದೆ.

ಹೂವು ಪೂರ್ತಿ ನೆರಳಿನಲ್ಲಿಯೇ ಇದ್ದರೆ ಬಟ್ಟೆಯ ಅಗತ್ಯವಿಲ್ಲ. ಆದರೆ ಅಲ್ಲಿ ಬೆಳಕು ಬರುವುದು ನೀಲಿ ಆಕಾಶದಿಂದ. ಬಿಳಿ ಹೂವು ನೀಲಿಗಟ್ಟುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್‌ನಲ್ಲಿ ಮನೆಯ ನೆರಳಿನ ಚಿತ್ರವಿರುವ ಆಯ್ಕೆ ಇರುವುದು ಇದಕ್ಕಾಗಿಯೇ.

ಮಧ್ಯಾಹ್ನಕ್ಕೇ ಮೀಸಲಾದ ಒಂದು ಚಿತ್ರವೂ ಇದೆ. ಗಿಡದ ಬುಡದಲ್ಲಿ ಕುಳಿತು, ತಲೆಯೆತ್ತಿ, ಹೂವನ್ನು ಕೆಳಗಿನಿಂದ ನೋಡಿ. ಸೂರ್ಯ ಎಸಳಿನ ಆಚೆಗಿರುತ್ತಾನೆ, ಎಸಳು ದೀಪದ ಗಾಜಿನಂತೆ ಬೆಳಗುತ್ತದೆ, ನರಗಳೆಲ್ಲ ಎಣಿಸುವಂತೆ ಕಾಣುತ್ತವೆ. ಲೆನ್ಸ್ ಮೇಲೆ ನೇರ ಬಿಸಿಲು ಬೀಳದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿಯಿರಿ, ಬಿಸಿಲು ಬಿದ್ದರೆ ಚಿತ್ರದ ಮೇಲೆ ಮಂಜು ಹರಡಿದಂತಾಗುತ್ತದೆ. ನಿಮ್ಮ ಅರ್ಧ ಗಂಟೆಗೆ ಇಷ್ಟು ಸಾಕು.

ಪ್ರಶ್ನೆ: ಕೆಂಪು ದಾಸವಾಳದ ಎಸಳಿನ ಮೇಲೆ ಕಣ್ಣಿಗೆ ಎಷ್ಟೊಂದು ನರ, ನೆರಿಗೆಗಳು ಕಾಣುತ್ತವೆ! ಚಿತ್ರದಲ್ಲಿ ಮಾತ್ರ ಕೆಂಪು ಬಣ್ಣ ಬಳಿದ ರಟ್ಟಿನಂತೆ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕ್ಯಾಮೆರಾ ಸರಿಯಾಗಿದೆ. ಅದರ ಲೆಕ್ಕ ತಪ್ಪುತ್ತಿದೆ. ಸಾಮಾನ್ಯ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್‌ನಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಕೆಂಪು ದಾಸವಾಳದ ಮುಂದೆ ಹಸಿರು, ನೀಲಿ ಬಿಂದುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಒಟ್ಟು ಬೆಳಕನ್ನು ಅಂದಾಜು ಮಾಡುವ ಮೀಟರ್ ಇಲ್ಲಿ ಬೆಳಕು ಕಡಿಮೆ ಎಂದು ತಿಳಿದು ಎಕ್ಸ್‌ಪೋಷರ್ ಹೆಚ್ಚಿಸುತ್ತದೆ. ಅಷ್ಟರಲ್ಲಿ ಕೆಂಪು ಬಿಂದುಗಳು ತುಂಬಿಹೋಗಿರುತ್ತವೆ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಹೊಯ್ದರೂ ಎರಡು ಚೊಂಬು ಹೊಯ್ದರೂ ಕೊಡದಲ್ಲಿ ಉಳಿಯುವ ನೀರು ಒಂದೇ. ಹಾಗೆಯೇ ಎಸಳಿನ ಉಬ್ಬು, ತಗ್ಗು, ನರ ಎಲ್ಲವೂ ಒಂದೇ ಕೆಂಪಾಗಿಬಿಡುತ್ತವೆ.

ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಕೂಡು-ಕಳೆ ಗುರುತಿನ ಗುಂಡಿಯನ್ನು ಒತ್ತಿ ಕಳೆ ಕಡೆಗೆ ಮೂರನೆಯ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಬಿಸಿಲಿನಲ್ಲಿ ಒಂದು ಪೂರ್ತಿ ಸ್ಟಾಪ್ ಇಳಿಸಿದರೂ ಸರಿಯೇ. ಮೊಬೈಲ್‌ನಲ್ಲಾದರೆ ಹೂವಿನ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ತೆರೆಯ ಮೇಲೆ ಚಿತ್ರ ತುಸು ಮಂಕಾಗಿ ಕಂಡರೆ ಹೆದರಬೇಡಿ, ಮಂಕನ್ನು ಆಮೇಲೆ ಎತ್ತಬಹುದು. ತುಂಬಿ ಹರಿದದ್ದನ್ನು ಮರಳಿ ತರಲಾಗದು. ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೊಗ್ರಾಂ ನೋಡುವ ಅಭ್ಯಾಸವಿರುವವರು ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಪಟವನ್ನೇ ನೋಡಿ, ಒಟ್ಟು ಪಟ ಈ ತಪ್ಪನ್ನು ಮುಚ್ಚಿಡುತ್ತದೆ. ಬಣ್ಣಗಳನ್ನು ಗಾಢಗೊಳಿಸುವ ‘ವಿವಿಡ್’ ಆಯ್ಕೆಯನ್ನೂ ಆಫ್ ಮಾಡಿಬಿಡಿ.

ಬಿಳಿ ಹೂವಿನದು ಇದಕ್ಕೆ ತಿರುವುಮುರುವು. ಮಲ್ಲಿಗೆ ಚೌಕಟ್ಟನ್ನು ತುಂಬಿದರೆ ಮೀಟರ್ ಅದನ್ನು ಬೂದು ಮಾಡಲು ಹೊರಡುತ್ತದೆ. ಆಗ ಕೂಡು ಕಡೆಗೆ ಹೋಗಬೇಕು. ಅದೇ ಬಿಳಿ ಹೂವು ಚಿಕ್ಕದಾಗಿದ್ದು ಸುತ್ತ ಕಡುಹಸಿರು ಎಲೆಗಳಿದ್ದರೆ ಮತ್ತೆ ಕಳೆಗೆ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಅಪ್ಪನ ಹಳೆಯ ಮೊಬೈಲ್ ನನಗೆ ಸಿಕ್ಕಿದೆ. ಚಿಕ್ಕ ಹೂವಿನ ಹತ್ತಿರ ಹೋದರೆ ಹೂವು ಮಸುಕಾಗುತ್ತದೆ, ಹಿಂದಿನ ಎಲೆ ಸ್ಪಷ್ಟವಾಗುತ್ತದೆ. ಏಕೆ, ಮೇಡಂ?

ಉತ್ತರ: ಪುಟ್ಟಿ, ಮೊದಲು ಮೊಬೈಲ್‌ನ ಲೆನ್ಸನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸು. ಹಳೆಯ ಮೊಬೈಲ್‌ನ ಅರ್ಧ ಮಸುಕು ಬೆರಳಿನ ಜಿಡ್ಡಿನದೇ ಆಗಿರುತ್ತದೆ.

ಪ್ರತಿ ಲೆನ್ಸಿಗೂ ಇದಕ್ಕಿಂತ ಹತ್ತಿರ ಬರಬೇಡ ಎನ್ನುವ ಒಂದು ಗಡಿ ಇರುತ್ತದೆ. ನಿನ್ನ ಮೊಬೈಲ್‌ನ ಗಡಿ ಎಷ್ಟು ಎಂದು ನೀನೇ ಅಳೆಯಬಹುದು. ಪುಸ್ತಕದ ಅಕ್ಷರಗಳ ಮೇಲೆ ಮೊಬೈಲ್ ಹಿಡಿದು, ನಿಧಾನವಾಗಿ ಮೇಲಕ್ಕೆತ್ತುತ್ತಾ, ಅಕ್ಷರ ತಿಳಿಯಾದೊಡನೆ ನಿಲ್ಲಿಸಿ, ಎಷ್ಟು ದೂರವೆಂದು ಸ್ಕೇಲ್‌ನಲ್ಲಿ ನೋಡು. ಅಷ್ಟು ದೂರದಿಂದಲೇ ಹೂವನ್ನು ತೆಗೆದು, ಆಮೇಲೆ ಬೇಡದ ಅಂಚುಗಳನ್ನು ಕತ್ತರಿಸಿಬಿಡು. ಬೆರಳಿನಿಂದ ಹಿಗ್ಗಿಸುವ ಜೂಮ್ ಹಳೆಯ ಮೊಬೈಲ್‌ಗಳಲ್ಲಿ ಮಾಡುವುದು ಕತ್ತರಿಸುವ ಕೆಲಸವನ್ನೇ.

ಫೋಕಸ್ ಹಿಂದಕ್ಕೆ ಓಡುವುದು ಹೂವು ತೀರ ಚಿಕ್ಕದಾಗಿರುವುದರಿಂದ. ಒಂದು ಉಪಾಯ ಹೇಳುತ್ತೇನೆ. ಹೂವಿನ ಪಕ್ಕದಲ್ಲಿ, ಅದೇ ದೂರದಲ್ಲಿ, ನಿನ್ನ ಅಂಗೈ ಹಿಡಿ. ತೆರೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿದರೆ ಎಷ್ಟೋ ಮೊಬೈಲ್‌ಗಳಲ್ಲಿ ಫೋಕಸ್ ಅಲ್ಲಿಯೇ ಬೀಗ ಹಾಕಿಕೊಳ್ಳುತ್ತದೆ. ಕೈ ತೆಗೆದು, ಮೊಬೈಲನ್ನು ಒಂದಿಷ್ಟೂ ಹಿಂದೆ ಮುಂದೆ ಮಾಡದೆ ಚಿತ್ರ ತೆಗೆ. ಮುಂದೆ ಯಾವಾಗಲಾದರೂ ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆಯುವ ಸೌಲಭ್ಯ) ಇರುವ ಮೊಬೈಲ್ ಸಿಕ್ಕರೆ ಅದರ ನೆರಳೇ ಹೂವಿನ ಮೇಲೆ ಬೀಳದಂತೆ ಓರೆಯಾಗಿ ಹಿಡಿ. ಮೂರ್ನಾಲ್ಕು ಸೆಂಟಿಮೀಟರ್ ಹತ್ತಿರ ಹೋದಾಗ ಎಲ್ಲರೂ ಎಡವುವುದು ಅಲ್ಲಿಯೇ.

ಪ್ರಶ್ನೆ: ಗಾಳಿಯ ಕಾಟ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟರೂ ಹೂವು ಅಲುಗಿದಂತೆ ಬರುತ್ತದೆ. ಶಟರ್ ವೇಗ 1/250 ಇದೆ, ಸಾಲದೇ?

ಉತ್ತರ: ಸಾಲದು, ಏಕೆಂದು ಲೆಕ್ಕ ಹಾಕೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 6000 ಪಿಕ್ಸೆಲ್ ಅಗಲ. ಏಳೂವರೆ ಸೆಂಟಿಮೀಟರ್ ಅಗಲದ ಹೂವು ಚೌಕಟ್ಟನ್ನು ತುಂಬಿದರೆ ಹೂವಿನ ಒಂದು ಮಿಲಿಮೀಟರಿಗೆ 80 ಪಿಕ್ಸೆಲ್. ಮೆಲುಗಾಳಿಗೆ ಹೂವು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ತೂಗಿದರೂ 1/250 ಸೆಕೆಂಡಿನಲ್ಲಿ 0.4 ಮಿಲಿಮೀಟರ್ ಸರಿದಿರುತ್ತದೆ, ಅಂದರೆ 32 ಪಿಕ್ಸೆಲ್. ಕೇಸರದ ತುದಿ ಕಲಸಿಹೋಗಲು ಇಷ್ಟು ಬೇಕಾದಷ್ಟಾಯಿತು. 1/1000ಕ್ಕೆ ಏರಿಸಿದರೆ 8 ಪಿಕ್ಸೆಲ್‌ಗೆ ಇಳಿಯುತ್ತದೆ. ಅದಕ್ಕಾಗಿ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 800ಕ್ಕೆ ಏರಿದರೆ ಏರಲಿ. ತುಸು ಮರಳುಮರಳಾದ ಚಿತ್ರವನ್ನು ನೋಡಬಹುದು, ಕಲಸಿದ ಚಿತ್ರವನ್ನು ನೋಡಲಾಗದು. ಲೆನ್ಸಿನಲ್ಲಿರುವ ಸ್ಥಿರೀಕರಣ ನಿಮ್ಮ ಕೈಯ ನಡುಕಕ್ಕಷ್ಟೇ ಮದ್ದು, ಹೂವಿನ ತೂಗಾಟಕ್ಕೆ ಅದರಿಂದ ಏನೂ ಆಗದು.

ವೇಗಕ್ಕಿಂತ ನಾನು ನಂಬಿರುವುದು ತಾಳ್ಮೆಯನ್ನು. ತೂಗುವ ಹೂವು ಉಯ್ಯಾಲೆಯಂತೆ, ಎರಡೂ ತುದಿಗಳಲ್ಲಿ ತಿರುಗುವ ಮೊದಲು ಕ್ಷಣಕಾಲ ನಿಲ್ಲುತ್ತದೆ. ಎರಡು ನಿಮಿಷ ಕ್ಯಾಮೆರಾ ಎತ್ತದೆ ಆ ಲಯವನ್ನು ನೋಡಿ. ಹೂವು ಮರಳಿ ನಿಲ್ಲುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು, ಅದು ಅಲ್ಲಿಗೆ ಬಂದಾಗ ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ತೆಗೆಯಿರಿ. ಗಾಳಿ ಬರುವ ಕಡೆ ಬೆನ್ನು ಮಾಡಿ ಕುಳಿತರೆ ನಿಮ್ಮ ದೇಹವೇ ತಡೆಗೋಡೆ. ಉದ್ದ ತೊಟ್ಟಿನ ಹೂವಾದರೆ ನೆಲಕ್ಕೊಂದು ಕಡ್ಡಿ ಚುಚ್ಚಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ತೊಟ್ಟನ್ನು ಕಡ್ಡಿಗೆ ಸೇರಿಸಿ. ಕ್ಲಿಪ್ಪಿನ ಬಾಯಿಗೆ ಹತ್ತಿ ಸುತ್ತಿರಲಿ, ತೊಟ್ಟು ನಲುಗಬಾರದು. ಹೊರಡುವಾಗ ಬಿಚ್ಚಲು ಮರೆಯಬೇಡಿ. ನಾನು ಒಮ್ಮೆ ಮರೆತು, ಮರುದಿನ ಬಾಡಿ ಬಾಗಿದ ತೊಟ್ಟನ್ನು ಕಂಡು ಬಹಳ ನೊಂದುಕೊಂಡೆ.

ಪ್ರಶ್ನೆ: ನನ್ನಲ್ಲಿರುವುದು ಕ್ಯಾಮೆರಾದ ಜೊತೆಗೇ ಬಂದ 18–55 ಎಂಎಂ ಲೆನ್ಸ್ ಮಾತ್ರ. ಮ್ಯಾಕ್ರೋ ಲೆನ್ಸ್ ಇಲ್ಲದೆ ಹೂವಿನ ಛಾಯಾಗ್ರಹಣ ಸಾಧ್ಯವೇ ಇಲ್ಲ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಚಿತ್ರಗಳಲ್ಲಿ ಹೆಚ್ಚಿನವು ಇಂಥದೇ ಲೆನ್ಸಿನವು.

ಈ ಲೆನ್ಸುಗಳಲ್ಲಿ ಅನೇಕವು 25 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತವೆ. ಆ ಅಳತೆ ಲೆನ್ಸಿನ ಮುಂದಿನ ಗಾಜಿನಿಂದ ಅಲ್ಲ, ಒಳಗಿನ ಸೆನ್ಸರ್‌ನಿಂದ. ಕ್ಯಾಮೆರಾದ ಮೇಲ್ಭಾಗದಲ್ಲಿ ವೃತ್ತವನ್ನು ಗೆರೆಯೊಂದು ಸೀಳಿದಂಥ ಗುರುತು ಇದೆಯೇ ನೋಡಿ, ಸೆನ್ಸರ್ ಇರುವುದು ಅಲ್ಲಿ. ಹಾಗಾಗಿ 55ಕ್ಕೆ ತಿರುಗಿಸಿದಾಗ ಲೆನ್ಸಿನ ತುದಿ ಹೂವಿಗೆ ಗೇಣಿಗಿಂತ ಹತ್ತಿರ ಬಂದಿರುತ್ತದೆ. ಆಗ ಹೂವಿನ ಬಿಂಬ ಸೆನ್ಸರ್ ಮೇಲೆ ಅದರ ನಿಜ ಗಾತ್ರದ ಸುಮಾರು ಮೂರನೆಯ ಒಂದರಷ್ಟು ಮೂಡುತ್ತದೆ. ಏಳೂವರೆ ಸೆಂಟಿಮೀಟರ್ ಅಗಲದ ಹೂವು ಚೌಕಟ್ಟನ್ನು ತುಂಬುತ್ತದೆ ಎಂದು ಮೇಲೆ ಹೇಳಿದ್ದು ಇದೇ ಲೆಕ್ಕದಿಂದ. ಗುಲಾಬಿ, ದಾಸವಾಳ, ಸೇವಂತಿಗೆಗೆ ಇದಕ್ಕಿಂತ ಹೆಚ್ಚೇನೂ ಬೇಡ. ಮ್ಯಾಕ್ರೋ ಬೇಕಾಗುವುದು ಪರಾಗದ ಕಣಗಳಿಗೆ, ಹುಲ್ಲಿನ ಹೂವುಗಳಿಗೆ.

ಅದೂ ಬೇಕೆನಿಸಿದಾಗ ಎಕ್ಸ್‌ಟೆನ್ಷನ್ ಟ್ಯೂಬ್ ಕೊಳ್ಳಿ. ಅದರೊಳಗೆ ಗಾಜೇ ಇಲ್ಲ. ಲೆನ್ಸನ್ನು ಕ್ಯಾಮೆರಾದಿಂದ ತುಸು ದೂರ ನಿಲ್ಲಿಸುವ ಬರೀ ಉಂಗುರ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಹೆಚ್ಚುವರಿಯಾಗಿ ಸಿಗುವ ಹಿಗ್ಗು ತಿಳಿಯುತ್ತದೆ: 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ ಅರ್ಧ ಪಟ್ಟು. ಸಂಪರ್ಕ ಬಿಂದುಗಳಿರುವ ಟ್ಯೂಬನ್ನೇ ಆರಿಸಿ, ಇಲ್ಲವಾದರೆ ಕ್ಯಾಮೆರಾದಿಂದ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಬದಲಿಸಲಾಗದು. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸ್‌ಅಪ್ ಗಾಜುಗಳೂ ಇವೆ. ಅಗ್ಗದವುಗಳಲ್ಲಿ ಅಂಚು ಮಸುಕಾಗುತ್ತದೆ, ಆದರೆ ಹೂವು ನಡುವೆ ಇದ್ದರೆ ಆ ಮಸುಕು ಒಮ್ಮೊಮ್ಮೆ ಚೆಂದವೇ.

ಇಮೋಜೆನ್ ಕನಿಂಗ್‌ಹ್ಯಾಂ ಎಂಬ ಅಮೆರಿಕದ ಛಾಯಾಗ್ರಾಹಕಿ ಮೂವರು ಚಿಕ್ಕ ಗಂಡುಮಕ್ಕಳನ್ನು ಸಾಕುತ್ತಾ ಮನೆಯಲ್ಲೇ ಇರಬೇಕಾಗಿದ್ದ ವರ್ಷಗಳಲ್ಲಿ ತಮ್ಮ ಹಿತ್ತಿಲಿನ ಗಿಡಗಳ ಚಿತ್ರ ತೆಗೆಯತೊಡಗಿದರು. 1925ರ ಸುಮಾರಿಗೆ ಅವರು ತೆಗೆದ ಮ್ಯಾಗ್ನೋಲಿಯಾ ಹೂವಿನ ಚಿತ್ರವನ್ನು ಜಗತ್ತು ಇಂದಿಗೂ ನೋಡುತ್ತಿದೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಕಲಾಶಾಲೆಯ ಮೇಷ್ಟರು, ತಾವೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ, ಸರಳ ಹಿನ್ನೆಲೆಯ ಮುಂದೆ, ಸಹಜ ಬೆಳಕಿನಲ್ಲಿ ದಶಕಗಟ್ಟಲೆ ಗಿಡಗಳನ್ನು ತೆಗೆದರು. ಇಂಥವರ ಚಿತ್ರಗಳ ಮುಂದೆ ನಿಂತು ಲೆನ್ಸಿನ ಹೆಸರು ಕೇಳಬೇಕೆಂದು ನನಗೆ ಎಂದೂ ಅನಿಸಿಲ್ಲ.

ಪ್ರಶ್ನೆ: ಹಿನ್ನೆಲೆ ಕರಗಬೇಕೆಂದು ಅಪರ್ಚರ್ ಪೂರ್ತಿ ತೆರೆದರೆ ಹೂವಿನ ಒಂದು ಎಸಳು ಮಾತ್ರ ಸ್ಪಷ್ಟವಾಗುತ್ತದೆ. ಎಫ್ 11ಕ್ಕೆ ಹೋದರೆ ಹಿಂದಿನ ಬೇಲಿಯೂ ಕಾಣುತ್ತದೆ. ಯಾವುದು ಸರಿ?

ಉತ್ತರ: ಹತ್ತಿರದ ಚಿತ್ರಗಳಲ್ಲಿ ನಾನು ಸಾಮಾನ್ಯವಾಗಿ ಎಫ್ 8ರಲ್ಲಿ ಇರುತ್ತೇನೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಹಿನ್ನೆಲೆಯನ್ನು ಕರಗಿಸುವ ಕೆಲಸವನ್ನು ದೂರಕ್ಕೆ ಬಿಡುತ್ತೇನೆ: ಹಿಂದೆ ಎರಡು ಮೀಟರ್ ಖಾಲಿ ಜಾಗವಿರುವ ಹೂವನ್ನು ಹುಡುಕಿದರೆ ಎಫ್ 8ರಲ್ಲೂ ಬೇಲಿ ಬರೀ ಬಣ್ಣವಾಗುತ್ತದೆ. ಗೋಡೆಗೆ ಒತ್ತಿಕೊಂಡ ಹೂವಿಗೆ ಯಾವ ಅಪರ್ಚರೂ ನೆರವಾಗದು. 18ರ ಬದಲು 55ರ ತುದಿಯನ್ನು ಬಳಸಿ, ಹಿನ್ನೆಲೆಯ ಸಣ್ಣ ತುಣುಕಷ್ಟೇ ಚೌಕಟ್ಟಿನೊಳಗೆ ಬರುತ್ತದೆ.

ಇನ್ನೊಂದು ಮಾತು. ಸ್ಪಷ್ಟವಾಗಿರುವ ಪದರ ಕ್ಯಾಮೆರಾದ ಬೆನ್ನಿಗೆ ಸಮಾನಾಂತರವಾದ ತೆಳು ಹಾಳೆಯಂತೆ. ದಾಸವಾಳದ ಕೇಸರಗಳ ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಎದುರಿನಿಂದ ತೆಗೆದರೆ ಆ ಹಾಳೆಯಲ್ಲಿ ಅದರ ತುದಿಯಷ್ಟೇ ಸಿಗುತ್ತದೆ. ಪಕ್ಕಕ್ಕೆ ಬಂದು, ಕೊಳವೆ ಕ್ಯಾಮೆರಾಕ್ಕೆ ಅಡ್ಡಲಾಗುವಂತೆ ನಿಂತರೆ ಬುಡದಿಂದ ತುದಿಯ ಐದು ಕೆಂಪು ಗುಂಡುಗಳವರೆಗೆ ಎಲ್ಲವೂ ಸಿಗುತ್ತದೆ.

ಪ್ರಶ್ನೆ: ಹೂವಿನ ಮೇಲೆ ನೀರು ಚಿಮುಕಿಸಿ ಇಬ್ಬನಿಯಂತೆ ತೋರಿಸುವುದು ಸರಿಯೇ?

ಉತ್ತರ: ನಾನು ಮಾಡುವುದಿಲ್ಲ. ನಿಜವಾದ ಇಬ್ಬನಿ ಸಣ್ಣ ಕಣಗಳಾಗಿ ಒಂದೇ ಸಮನೆ ಕೂತಿರುತ್ತದೆ. ಚಿಮುಕಿಸಿದ ನೀರು ದಪ್ಪ ಹನಿಗಳಾಗಿ ಎಲ್ಲೆಂದರಲ್ಲಿ ಬೀಳುತ್ತದೆ, ನೋಡುವವರಿಗೆ ತಿಳಿಯುತ್ತದೆ. ಬೆಳಗ್ಗೆ ಎಲೆಯ ಅಂಚಿನಲ್ಲಿ ಮಾತ್ರ ಸಾಲಾಗಿ, ಮಣಿ ಪೋಣಿಸಿದಂತೆ ನಿಂತ ಹನಿಗಳನ್ನು ಕಂಡರೆ ಅವನ್ನು ತೆಗೆಯಿರಿ. ಅದು ಹೆಚ್ಚಾಗಿ ಇಬ್ಬನಿಯಲ್ಲ, ಬೇರು ರಾತ್ರಿಯಿಡೀ ಹೀರಿದ ನೀರನ್ನು ಎಲೆ ತನ್ನ ಅಂಚಿನ ರಂಧ್ರಗಳಿಂದ ಹೊರಹಾಕಿದ್ದು.

ಪ್ರಶ್ನೆ: ನೇರಳೆ ಬಣ್ಣದ ಹೂವು ಮೊಬೈಲ್‌ನಲ್ಲಿ ನೀಲಿಯಾಗಿ ಬರುತ್ತದೆ.

ಉತ್ತರ: ಸೆನ್ಸರ್ ನಮ್ಮ ಕಣ್ಣಿನಂತೆ ಬಣ್ಣ ನೋಡುವುದಿಲ್ಲ, ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಅದನ್ನು ಇನ್ನಷ್ಟು ಅಲುಗಿಸುತ್ತದೆ. ‘ಡೇಲೈಟ್’ಗೆ ನಿಲ್ಲಿಸಿ ತೆಗೆದು, ಹೂವು ಎದುರಿಗಿರುವಾಗಲೇ ಬಣ್ಣ ತಿದ್ದಿ. ಮನೆಗೆ ಹೋಗಿ ನೆನಪಿನಿಂದ ತಿದ್ದಬೇಡಿ, ಬಣ್ಣದ ವಿಷಯದಲ್ಲಿ ನೆನಪನ್ನು ನಂಬಲಾಗದು. ಸಸ್ಯಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ನಾನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಶಂಖಪುಷ್ಪಗಳು ಕೆಲವು ವರ್ಷಗಳಲ್ಲಿ ಕಂದಾದವು. ಆ ನೀಲಿ ಹೇಗಿತ್ತು ಎಂದು ವಿದ್ಯಾರ್ಥಿಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾಮೆರಾ ಕೊಂಡದ್ದು ಆ ವರ್ಷ.

ಪ್ರಶ್ನೆ: ಸೂರ್ಯಕಾಂತಿ ಹೊಲಕ್ಕೆ ಯಾವ ಹೊತ್ತಿಗೆ ಹೋಗಬೇಕು? ಹೂವು ಸೂರ್ಯನತ್ತ ತಿರುಗುವುದರಿಂದ ಯಾವಾಗ ಹೋದರೂ ಒಂದೇ ಅಲ್ಲವೇ?

ಉತ್ತರ: ಎಳೆಯ ಗಿಡಗಳು ಸೂರ್ಯನ ಜೊತೆ ತಿರುಗುವುದು ನಿಜ. ಆದರೆ ಪೂರ್ತಿ ಅರಳಿದ ಹೂವು ತಿರುಗುವುದನ್ನು ನಿಲ್ಲಿಸಿ ಪೂರ್ವಕ್ಕೆ ಮುಖ ಮಾಡಿಬಿಡುತ್ತದೆ. ಆದ್ದರಿಂದ ಬೆಳಗ್ಗೆ ಮುಖದ ಮೇಲೆ ಬೆಳಕು, ಸಂಜೆ ಬೆನ್ನಿನ ಮೇಲೆ. ಬೆಳಗ್ಗೆಯಾದರೆ ನಡುವಿನ ತಟ್ಟೆಯನ್ನು ಹತ್ತಿರದಿಂದ ತೆಗೆಯಿರಿ. ಅಲ್ಲಿ ನೂರಾರು ಪುಟ್ಟ ಹೂಗಳಿವೆ. ಅವು ಹೊರ ಅಂಚಿನಿಂದ ಒಳಗೆ ಸುತ್ತುಸುತ್ತಾಗಿ ಅರಳುತ್ತವೆ, ಹೊರಗೆ ಪರಾಗ ತುಂಬಿರುವಾಗ ನಡುವೆ ಇನ್ನೂ ಮೊಗ್ಗುಗಳು. ಸಂಜೆಯಾದರೆ ಹೂವಿನ ಪೂರ್ವಕ್ಕೆ ಹೋಗಿ, ಪಶ್ಚಿಮಕ್ಕೆ ಮುಖ ಮಾಡಿ ಮಂಡಿಯೂರಿ. ಸೂರ್ಯನನ್ನು ತಟ್ಟೆಯ ಹಿಂದೆ ಅಡಗಿಸಿ, ಎಕ್ಸ್‌ಪೋಷರ್ ಅನ್ನು ಹಳದಿ ಎಸಳಿಗೆ ಹೊಂದಿಸಿ. ತಟ್ಟೆ ಕಪ್ಪಾಗುತ್ತದೆ, ಸುತ್ತಲಿನ ಎಸಳುಗಳು ಒಂದೊಂದೂ ಹೊತ್ತಿಕೊಳ್ಳುತ್ತವೆ.